ಗೆಜ್ಜೆ ಕಟ್ಟಿದ್ರೆ ಎತ್ತು ಓಡುತ್ತಾ ಸ್ವಾಮಿ?

ತುಂಬಾ ದಿನದಿಂದ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದ ಮಾತು ಇದು. ಇವತ್ತು ಬರೆದೇ ಬಿಡ್ತೀನಿ. ಬೈಯೋರು ಬೈಕೊಳ್ಳಿ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ... ಈ ನಾಲ್ಕು ತಾಲ್ಲೂಕಿನಲ್ಲಿ ಒಂದು ಸುತ್ತು ಬನ್ನಿ. ಸಂಜೆ ಐದರ ಮೇಲೆ ಯಾವ ಊರಿನ ಕ್ರಾಸಿನಲ್ಲಿ ನಿಂತರೂ ಒಂದಾದರೂ ಗಾಡಿ ಕಾಣುತ್ತೆ. ಮುಂದಿನ ಮಡ್ ಗಾರ್ಡ್ ಆಕಾಶಕ್ಕೆ ಮುಖ ಮಾಡಿರುತ್ತೆ. ಬಟನ್ ಟೈರು. ಅಗಲ ಹ್ಯಾಂಡಲ್. ನಂಬರ್ ಪ್ಲೇಟು ಎಲ್ಲೋ ಸೀಟಿನ ಕೆಳಗೆ ಬಗ್ಗಿ ಕೂತಿರುತ್ತೆ. ಸೈಲೆನ್ಸರ್ ಅನ್ನೋದು ಹೆಸರಿಗೆ ಮಾತ್ರ. ಕೇಳಿದ್ರೆ ಹುಡುಗ ಎದೆ ಉಬ್ಬಿಸಿ ಹೇಳ್ತಾನೆ, "ಡರ್ಟ್ ಬೈಕ್ ಸೆಟಪ್ಪು ಕಣಣ್ಣ, ಮೋಟೋಕ್ರಾಸ್ ಸ್ಟೈಲು!"

ಅಲ್ಲ ಕಣಪ್ಪ. ಅದು ಮೋಟೋಕ್ರಾಸ್ ಅಲ್ಲ. ಅದು ಗೆಜ್ಜೆ.

ಹೇಮಗಿರಿ ದನಗಳ ಜಾತ್ರೆಗೆ ಹೋದೋರಿಗೆ ನಾನು ಹೇಳೋದು ಚೆನ್ನಾಗಿ ಅರ್ಥ ಆಗುತ್ತೆ. ಹಳ್ಳಿಕಾರ್ ಜೋಡಿ ಕೊಳ್ಳೋಕೆ ಬಂದ ರೈತ ಮೊದಲು ಬಾಯಿ ತೆಗೆಸಿ ಹಲ್ಲು ನೋಡ್ತಾನೆ, ಕಾಲು ನೋಡ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡ್ತಾನೆ. ಕೊರಳಲ್ಲಿ ಎಷ್ಟು ಗೆಜ್ಜೆ ಇದೆ ಅಂತ ನೋಡಿ ಯಾರಾದ್ರೂ ದುಡ್ಡು ಕೊಡ್ತಾರಾ? ಆದ್ರೆ ಅದೇ ರೈತನ ಮಗ ಬೈಕಿನ ವಿಷಯಕ್ಕೆ ಬಂದ್ರೆ ಗೆಜ್ಜೆಗೇ ದುಡ್ಡು ಸುರೀತಾನೆ!!

ಇರಲಿ, ವಿಷಯಕ್ಕೆ ಬರೋಣ. ಮೋಟೋಕ್ರಾಸ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. 1924ರಲ್ಲಿ ಕ್ಯಾಂಬರ್ಲಿ ಅನ್ನೋ ಊರಿನ ಹತ್ತಿರ ಗುಡ್ಡ, ಕೆಸರು, ಹಳ್ಳದಲ್ಲಿ ಬೈಕು ಓಡಿಸೋ ಪಂದ್ಯ ನಡೀತು, ಅದೇ ಮೂಲ. ಇವತ್ತಿನ 250 ಸಿಸಿ ಮೋಟೋಕ್ರಾಸ್ ಬೈಕು ಸುಮಾರು 105ರಿಂದ 110 ಕೆಜಿ ತೂಗುತ್ತೆ. ಅಂದ್ರೆ ನಮ್ಮ ಸ್ಪ್ಲೆಂಡರ್ ಗಿಂತ ಭಾರ ಏನಿಲ್ಲ. ಅದರ ಶಾಕ್ ಅಬ್ಸಾರ್ಬರ್ ಮುಂದೆ ಹಿಂದೆ ಎರಡೂ ಕಡೆ ಸುಮಾರು 300 ಮಿ.ಮೀ. ಮೇಲೆ ಕೆಳಗೆ ಆಡುತ್ತೆ, ಒಂದು ಅಡಿ! ಹೆಡ್ ಲೈಟ್ ಇಲ್ಲ, ಹಾರನ್ ಇಲ್ಲ, ಇಂಡಿಕೇಟರ್ ಇಲ್ಲ. ಅದನ್ನ ಆರ್.ಟಿ.ಓ. ದಲ್ಲಿ ರಿಜಿಸ್ಟ್ರೇಶನ್ ಮಾಡಿಸೋಕೂ ಆಗಲ್ಲ. ಟೆಂಪೋದಲ್ಲಿ ಹಾಕ್ಕೊಂಡು ಟ್ರ್ಯಾಕಿಗೆ ಹೋಗಬೇಕು, ಓಡಿಸಿ ಮತ್ತೆ ಟೆಂಪೋದಲ್ಲೇ ವಾಪಸ್ ತರಬೇಕು. ಅದು ಮಣ್ಣಿಗಾಗಿ ಹುಟ್ಟಿದ ಯಂತ್ರ. ಡಾಂಬರು ರಸ್ತೆಗೂ ಅದಕ್ಕೂ ಸಂಬಂಧ ಇಲ್ಲ.

ನಮ್ಮಕ್ಕನ ಮಗ ಒಬ್ಬನಿದ್ದಾನೆ. "ಮಾವ, ಸೌಂಡ್ ಬಂದ್ರೆ ತಾನೆ ಪವರ್ರು" ಅನ್ನೋದು ಅವನ ಸಿದ್ಧಾಂತ. ಅವನೊಬ್ಬನದ್ದೇ ಅಲ್ಲ, ನೂರಕ್ಕೆ ತೊಂಬತ್ತು ಹುಡುಗರದ್ದು ಇದೇ ಅಂತ ನನ್ನ ಅಂದಾಜು. ಅದಕ್ಕೇ ಸೈಲೆನ್ಸರ್ ಕಥೆ ಸ್ವಲ್ಪ ಹೇಳ್ತೀನಿ, ಕೇಳಿ.

ನಮ್ಮ ಕಡೆ ಆರ್.ಎಕ್ಸ್. 100 ಅಂದ್ರೆ ಈಗಲೂ ದೇವರು. 1985ರಲ್ಲಿ ಬಂದು 1996ಕ್ಕೆ ನಿಂತುಹೋದ ಗಾಡಿ. 98 ಸಿಸಿ, 11 ಹಾರ್ಸ್ ಪವರ್. ಅದು ಟೂ ಸ್ಟ್ರೋಕ್. ಟೂ ಸ್ಟ್ರೋಕ್ ಗಾಡಿಯ ಸೈಲೆನ್ಸರ್ ಬರೀ ಹೊಗೆ ಬಿಡೋ ಕೊಳವೆ ಅಲ್ಲ. ಒಳಗೆ ಹೋದ ಒತ್ತಡದ ಅಲೆ ತಿರುಗಿ ಬಂದು, ಸಿಲಿಂಡರಿನಿಂದ ಹೊರಗೆ ಜಾರ್ತಾ ಇರೋ ಹಸಿ ಪೆಟ್ರೋಲನ್ನ ಮತ್ತೆ ಒಳಕ್ಕೆ ತಳ್ಳುತ್ತೆ. ಈ ವಿದ್ಯೆಯನ್ನ 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂ.ಝಡ್. ಕಂಪನಿಯ ಇಂಜಿನಿಯರ್ ವಾಲ್ಟರ್ ಕಾಡೆನ್ ವರ್ಷಗಟ್ಟಲೆ ಕೂತು ಪಳಗಿಸಿದ. 1961ರಲ್ಲಿ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ದೇಶ ಬಿಟ್ಟು ಓಡಿಹೋಗಿ ಈ ಗುಟ್ಟನ್ನ ಸುಜುಕಿಗೆ ಕೊಟ್ಟ. ಮರುವರ್ಷವೇ ಸುಜುಕಿ ಮೇಲೆ ಕೂತು 50 ಸಿಸಿ ವಿಶ್ವ ಚಾಂಪಿಯನ್ ಆದ. ಒಂದು ಕೊಳವೆಯ ಅಳತೆಗಾಗಿ ಮನುಷ್ಯ ದೇಶವನ್ನೇ ಬಿಟ್ಟ ಸ್ವಾಮಿ! ನಮ್ಮ ಹುಡುಗರು ಅದೇ ಕೊಳವೆಯನ್ನ ಕಟಿಂಗ್ ಮಿಷನ್ನಿನಲ್ಲಿ ಕುಯ್ದು, ಒಳಗಿನದನ್ನ ಗುಜರಿಗೆ ಹಾಕಿ, "ಪವರ್ ಜಾಸ್ತಿ ಆಯ್ತು" ಅಂತಾರೆ.

ಈಗಿನ ಗಾಡಿಗಳದ್ದು ಇನ್ನೊಂದು ಕಥೆ. 2020ರ ಏಪ್ರಿಲ್ ನಿಂದ ಬಿ.ಎಸ್. 6 ಬಂದಿದೆ. ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಹೋಗಬೇಕು ಅನ್ನೋದನ್ನ ಒಂದು ಕಂಪ್ಯೂಟರು ಲೆಕ್ಕ ಹಾಕುತ್ತೆ, ಹೊಗೆ ಕೊಳವೆಯಲ್ಲಿರೋ ಸೆನ್ಸರ್ ಅದಕ್ಕೆ ಸುದ್ದಿ ಮುಟ್ಟಿಸುತ್ತೆ. ಬೆಂಡ್ ಪೈಪಿನಿಂದ ಸೈಲೆನ್ಸರ್ ವರೆಗೆ ಎಲ್ಲಾ ಬದಲಾಯಿಸಿ ಕಂಪ್ಯೂಟರನ್ನ ಹಾಗೇ ಬಿಟ್ರೆ ಅದರ ಲೆಕ್ಕ ತಪ್ಪುತ್ತೆ. ಕೆಳಗಿನ ಎಳೆತ ಕಮ್ಮಿ ಆಗಬಹುದು, ಎಂಜಿನ್ ಬಿಸಿ ಆಗಬಹುದು. ಆದ್ರೆ ಸದ್ದು ಜಾಸ್ತಿ ಆಗಿರುತ್ತಲ್ಲ, ಅದಕ್ಕೇ ಗಾಡಿ ಜೋರಾಗಿ ಹೋಗ್ತಿದೆ ಅಂತ ಕಿವಿ ನಂಬುತ್ತೆ. ಪವರ್ ಜಾಸ್ತಿ ಆಗಿರೋದು ಕಿವಿಯೊಳಗೆ ಮಾತ್ರ! ಇನ್ನೂ ತಮಾಷೆ ಏನಂದ್ರೆ, ನಿಜವಾದ ಮೋಟೋಕ್ರಾಸ್ ಪಂದ್ಯದಲ್ಲಿ ಸದ್ದಿಗೆ ಮಿತಿ ಇದೆ. ಮೀಟರ್ ಹಿಡಿದು ಅಳೀತಾರೆ. ಮಿತಿ ದಾಟಿದ್ರೆ ಗಾಡಿ ಸರಿ ಮಾಡ್ಕೊಂಡು ಬಾ ಅಂತ ಕಳಿಸ್ತಾರೆ.

ಬಟನ್ ಟೈರಿನ ಕಥೆಯೂ ಅಷ್ಟೇ. ಆ ಗುಬುಟುಗಳು ಇರೋದು ಸಡಿಲ ಮಣ್ಣಿಗೆ ಹಲ್ಲು ಊರೋಕೆ. ಡಾಂಬರಿನಲ್ಲಿ ಹಲ್ಲು ಊರೋಕೆ ಏನೂ ಇಲ್ಲ. ನೆಲಕ್ಕೆ ತಾಗೋ ರಬ್ಬರು ಕಮ್ಮಿ, ಬ್ರೇಕ್ ಹಿಡಿದ್ರೆ ಗುಬುಟು ಬಗ್ಗುತ್ತೆ, ಗಾಡಿ ಜಾರುತ್ತೆ. ಮೊದಲ ಮಳೆ ಬಿದ್ದ ದಿನ ಎಕ್ಸ್ ಪ್ರೆಸ್ ವೇ ಪಕ್ಕದ ಸರ್ವಿಸ್ ರೋಡಿನಲ್ಲಿ ಆ ಟೈರಿನ ಮೇಲೆ ಬ್ರೇಕ್ ಹಿಡಿಯೋದು ಅಂದ್ರೆ ಪಾಚಿ ಮೇಲೆ ಚಪ್ಪಲಿ ಹಾಕ್ಕೊಂಡು ಓಡಿದ ಹಾಗೆ.

ಹಾಗಾದ್ರೆ ಬೈಕಿಗೆ ಏನೂ ಮಾಡಿಸಲೇಬಾರದಾ? ನಾನು ಹಾಗೆ ಹೇಳೋ ಮೇಷ್ಟ್ರು ಅಲ್ಲ. ಗಾಡಿಯನ್ನ ಕೆಲಸಕ್ಕೆ ತಕ್ಕ ಹಾಗೆ ಬದಲಾಯಿಸೋದು ಒಂದು ವಿದ್ಯೆ. ಆ ವಿದ್ಯೆ ನಮ್ಮ ಪಕ್ಕದ ಮೈಸೂರಿನಲ್ಲೇ ಇತ್ತು. 1961ರಿಂದ 1996ರ ವರೆಗೆ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ಜಾವಾ, ಯೆಜ್ಡಿ ತಯಾರಾಗ್ತಿತ್ತು. ಅದೇ ಮೈಸೂರಿನ ಸೊಮೇಂದರ್ ಸಿಂಗ್ ಅನ್ನೋರು ಎಂಜಿನ್ ಹೆಡ್ಡಿನ ಒಳಮೈಯಲ್ಲಿ ಸಣ್ಣ ಗೀರುಗಳನ್ನ ಕೊರೆದು, ಪೆಟ್ರೋಲ್ ಇನ್ನೂ ಚೆನ್ನಾಗಿ ಕಲಸಿ ಉರಿಯುತ್ತೆ ಅಂತ ವಾದಿಸಿ 2001ರಲ್ಲಿ ಅಮೆರಿಕದ ಪೇಟೆಂಟನ್ನೇ ತಗೊಂಡ್ರು. ಅವರು ಹೇಳಿದ್ದಷ್ಟೂ ಲಾಭ ನಿಜಕ್ಕೂ ಬರುತ್ತಾ ಅಂತ ಜನ ಜಗಳ ಆಡಬಹುದು. ಆದ್ರೆ ಅಲ್ಲಿ ಒಂದು ಪ್ರಶ್ನೆ ಇತ್ತು, ಪರೀಕ್ಷೆ ಇತ್ತು. ಸೈಲೆನ್ಸರ್ ಕುಯ್ಯೋದರಲ್ಲಿ ಯಾವ ಪ್ರಶ್ನೆ ಇದೆ ಹೇಳಿ?

ಮಣ್ಣಿನಲ್ಲಿ ಓಡಿಸೋ ಆಸೆ ನಿಜವಾಗಿದ್ರೆ ದುಡ್ಡು ಹಾಕೋಕೆ ಒಂದು ಕ್ರಮ ಇದೆ.

ಮೊದಲು ಮೈ. ಹೆಲ್ಮೆಟ್, ಮೊಣಕಾಲಿನ ಕಾಪು, ಪಾದದ ಗಂಟು ಮುಚ್ಚೋ ಬೂಟು. ದೇಶದಲ್ಲಿ 2021ರ ಜೂನ್ ನಿಂದ ಐ.ಎಸ್.ಐ. ಗುರುತಿಲ್ಲದ ಹೆಲ್ಮೆಟ್ ಮಾರೋದೇ ಅಪರಾಧ. ನಮ್ಮಲ್ಲಿ ಸೈಲೆನ್ಸರ್ ಗೆ ಸಾವಿರಗಟ್ಟಲೆ ಕೊಟ್ಟೋನ ತಲೆ ಮೇಲೆ ರಸ್ತೆ ಬದಿಯ ಟೋಪಿ ಹೆಲ್ಮೆಟ್, ಕಾಲಲ್ಲಿ ಹವಾಯಿ ಚಪ್ಪಲಿ!

ಎರಡನೇದು ಶಾಕ್ ಅಬ್ಸಾರ್ಬರ್. ಹೀರೋ ಎಕ್ಸ್ ಪಲ್ಸ್ 200ನ್ನೇ ತಗೊಳ್ಳಿ. ಮಾಮೂಲಿ ಗಾಡಿಯಲ್ಲಿ ಮುಂದೆ 190, ಹಿಂದೆ 170 ಮಿ.ಮೀ. ಆಟ. 2022ರಲ್ಲಿ ಬಂದ ರ್ಯಾಲಿ ಎಡಿಶನ್ ನಲ್ಲಿ ಅದು 250 ಮತ್ತು 220. ನೆಲದಿಂದ ಎತ್ತರ 220ರಿಂದ 270 ಮಿ.ಮೀ. ಆಯ್ತು. ಕಂಪನಿಯವರು ದುಡ್ಡು ಹಾಕಿದ್ದು ಎಲ್ಲಿಗೆ ನೋಡಿ! ಸದ್ದಿಗಲ್ಲ, ಕಾಲಿಗೆ. ಹೊಸ ಶಾಕ್ ಕೊಳ್ಳೋ ಮೊದಲು ಇರೋದನ್ನೇ ತೂಕಕ್ಕೆ ಹೊಂದಿಸೋದು ಕಲೀರಿ. ಸವಾರ ಕೂತಾಗ ಒಟ್ಟು ಆಟದ ಮೂರನೇ ಒಂದು ಭಾಗದಷ್ಟು ಕುಗ್ಗಬೇಕು ಅನ್ನೋದು ಮೋಟೋಕ್ರಾಸ್ ನವರ ಲೆಕ್ಕ.

ಮೂರನೇದು ಸ್ಪ್ರಾಕೆಟ್. ಹಿಂದೆ 40 ಹಲ್ಲು, ಮುಂದೆ 13 ಹಲ್ಲು ಇದ್ದಲ್ಲಿ ಮುಂದಿನದನ್ನ 12 ಮಾಡಿದ್ರೆ ಎಳೆತ ಶೇಕಡಾ 8ರಷ್ಟು ಜಾಸ್ತಿ ಆಗುತ್ತೆ, ಅದೇ ಪ್ರಮಾಣದಲ್ಲಿ ವೇಗ ಇಳಿಯುತ್ತೆ. ಇದಕ್ಕಿಂತ ಅಗ್ಗದ ಬದಲಾವಣೆ ಇಲ್ಲ. ಎಂಜಿನ್ ಮುಟ್ಟೋದು ಎಲ್ಲಕ್ಕಿಂತ ಕೊನೆಗೆ. ಆದ್ರೆ ನಮ್ಮ ಗ್ಯಾರೇಜುಗಳಲ್ಲಿ ಇದನ್ನ ಯಾರೂ ಹೇಳಲ್ಲ. ಯಾಕಂದ್ರೆ ಹೊಂದಿಸಿಕೊಟ್ಟ ಶಾಕ್ ಯಾರ ಕಣ್ಣಿಗೂ ಬೀಳಲ್ಲ, ಕಿವಿಗೂ ಬೀಳಲ್ಲ. ಗೆಜ್ಜೆ ಮಾರೋದೇ ಸುಲಭ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ರೂಪವನ್ನ ಮನಸ್ಸಿಗೆ ಬಂದ ಹಾಗೆ ಬದಲಾಯಿಸೋ ಹಾಗಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನ ಮತ್ತೆ ಗಟ್ಟಿಯಾಗಿ ಹೇಳ್ತು. 2019ರ ತಿದ್ದುಪಡಿ ಪ್ರಕಾರ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು. ಸದ್ದಿಗೆ ಬೇರೆ ಕಲಂ ಇದೆ, ಅಲ್ಲಿ 10,000ದ ವರೆಗೆ. 2024-25ರ ಸಾಲಿಗೆ ಕೇಂದ್ರ ನಿಗದಿ ಮಾಡಿದ ಕಬ್ಬಿನ ಬೆಲೆ ಟನ್ನಿಗೆ 3400 ರೂಪಾಯಿ. ಲೆಕ್ಕ ಹಾಕಿ. ಅಪ್ಪ ನೀರು ಕಟ್ಟಿ, ಗೊಬ್ಬರ ಹಾಕಿ, ಕಟಾವಿಗೆ ಆಳು ಹುಡುಕಿ ಬೆಳೆದ ಸುಮಾರು ಮೂರು ಟನ್ ಕಬ್ಬು ಮಗನ ಒಂದು ಸೈಲೆನ್ಸರ್ ಸದ್ದಿಗೆ ಹೋಯ್ತು.

"ನನ್ನ ಬೈಕು, ನನ್ನ ದುಡ್ಡು, ನಿಂಗ್ಯಾಕಣ್ಣ?" ಅಂತೀರಾ? ಬೈಕು ನಿಂದೇ ಕಣಪ್ಪ. ವಿ.ಸಿ. ನಾಲೆ ಏರಿ ನಿಂದಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ಅದೇ ನಾಲೆಗೆ ಬಿದ್ದು 30 ಜನ ಸತ್ತರು, ಅದರಲ್ಲಿ ಸ್ಕೂಲು ಮಕ್ಕಳೂ ಇದ್ರು. ಅಂಥ ಏರಿ ಮೇಲೆ ಮುಂದಿನ ಚಕ್ರ ಎತ್ತಿ ವೀಲಿಂಗ್ ಮಾಡ್ತಾರಲ್ಲ, ಎದುರಿಗೆ ಹುಲ್ಲಿನ ಹೊರೆ ಹೊತ್ತ ಹೆಂಗಸು ಬಂದ್ರೆ ಆಕೆ ಎಲ್ಲಿಗೆ ಸರೀಬೇಕು? ಒಂದು ಕಡೆ ನೀರು, ಇನ್ನೊಂದು ಕಡೆ ಇಳಿಜಾರು. ಮೇಲುಕೋಟೆ ಕಾಡೂ ನಿಂದಲ್ಲ. ಅದು 1974ರಲ್ಲೇ ವನ್ಯಜೀವಿ ಧಾಮ ಆಗಿದೆ, ತೋಳಗಳು ಇರೋ ಜಾಗ. ಅಪ್ಪಣೆ ಇಲ್ಲದೆ ಒಳಗೆ ಬೈಕು ನುಗ್ಗಿಸೋದು "ಆಫ್ ರೋಡಿಂಗ್" ಅಲ್ಲ, ಅಪರಾಧ.

ಇಷ್ಟು ಹೊತ್ತು ಹುಡುಗರಿಗೆ ಬೈದೆ. ಹಿರಿಯರು ತಲೆ ಆಡಿಸ್ತಾ ಕೂತಿದ್ರೆ, ಈಗ ನಿಮ್ಮ ಸರದಿ.

ಪೊಲೀಸರು ಸೈಲೆನ್ಸರ್ ಗಳನ್ನ ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸೋ ಫೋಟೋ ಪೇಪರಿನಲ್ಲಿ ಬರುತ್ತೆ. ಚಪ್ಪಾಳೆ! ಆದ್ರೆ ಆ ಸೈಲೆನ್ಸರ್ ಮಾರಿದ ಅಂಗಡಿ ಮಾರನೇ ದಿನ ಬೆಳಿಗ್ಗೆ ಬಾಗಿಲು ತೆಗೆದಿರುತ್ತೆ. ಹುಡುಗನ ಸದ್ದು ಮಾತ್ರ ತಪ್ಪು, ಮೆರವಣಿಗೆಯ ಡಿಜೆ ಸದ್ದು ಭಕ್ತಿ, ಅಲ್ವಾ? ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಇಪ್ಪತ್ತು ವರ್ಷದ ಹುಡುಗನಿಗೆ ವೇಗದ ಆಸೆ ಇರುತ್ತೆ, ಅದನ್ನ ತೀರಿಸ್ಕೊಳ್ಳೋಕೆ ನಾಲ್ಕು ತಾಲ್ಲೂಕಿನಲ್ಲಿ ಒಂದು ಬಯಲು ಕೊಡೋ ಯೋಚನೆ ನಮಗೆ ಬಂದಿಲ್ಲ.

ಜಾಗ ಇಲ್ಲ ಅನ್ನಬೇಡಿ. ಎತ್ತಿನಗಾಡಿ ಓಟಕ್ಕೆ ಜಾಗ ಎಲ್ಲಿಂದ ಬರುತ್ತೆ? ಕೊಯ್ಲಾದ ಬಯಲನ್ನ ಊರೋರೇ ಹದ ಮಾಡಿ, ಬೇಲಿ ಕಟ್ಟಿ, ಮೈಕು ಹಾಕಿ, ಬಹುಮಾನ ಇಟ್ಟು ಓಡಿಸ್ತಾರೆ. ಆ ಓಟಕ್ಕೂ ಕೋರ್ಟಿನ ಕಂಟಕ ಬಂದಿತ್ತು. 2017ರಲ್ಲಿ ರಾಜ್ಯ ಸರ್ಕಾರ ಕಾನೂನು ತಿದ್ದಿತು, 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನ ಎತ್ತಿಹಿಡೀತು. ಅಂದ್ರೆ ಆಟ ಉಳಿಯೋದು ನಿಯಮ ಇದ್ದಾಗ. ಬೈಕಿನ ಆಟಕ್ಕೂ ನಿಯಮ ಮಾಡೋಕೆ ಎಫ್.ಎಂ.ಎಸ್.ಸಿ.ಐ. ಅನ್ನೋ ರಾಷ್ಟ್ರೀಯ ಸಂಸ್ಥೆ ಇದೆ. ಬೇಸಿಗೆಯಲ್ಲಿ ನಾಲೆ ನೀರು ನಿಂತಾಗ ಒಂದು ಖಾಲಿ ಬಯಲು, ಎರಡು ದಿನ ಜೆಸಿಬಿ, ಅಂಚಿಗೆ ಹುಲ್ಲಿನ ಪೆಂಡಿ, ಬಾಗಿಲಲ್ಲಿ ಆಂಬುಲೆನ್ಸು, ಹೆಲ್ಮೆಟ್ ಬೂಟು ಇಲ್ಲದೋನಿಗೆ ಪ್ರವೇಶ ಇಲ್ಲ. ಇಷ್ಟರಿಂದ ಶುರು ಮಾಡಬಹುದು. ಮನಸ್ಸು ಬೇಕು ಅಷ್ಟೇ.

ಕನ್ನಡದ ಹುಡುಗರಿಗೆ ಇದು ಆಗದ ಆಟ ಏನಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್ಯಾಲಿ ಮುಗಿಸಿದ ಮೊದಲ ಭಾರತೀಯ. ಉಡುಪಿ ಕಡೆಯ ಕೆ.ಪಿ. ಅರವಿಂದ್ ಅವರನ್ನ ನೀವೆಲ್ಲ 2021ರ ಬಿಗ್ ಬಾಸ್ ನಲ್ಲಿ ನೋಡಿದ್ದೀರಿ. ಅವರು 2019ರ ಡಕಾರ್ ನಲ್ಲಿ 37ನೆಯವರಾಗಿ ಗುರಿ ಮುಟ್ಟಿದವರು ಅನ್ನೋದು ಎಷ್ಟು ಜನಕ್ಕೆ ಗೊತ್ತು? ಸಂತೋಷ್ 2021ರ ಡಕಾರ್ ನಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ದಿನಗಟ್ಟಲೆ ಪ್ರಜ್ಞೆ ಇಲ್ಲದೆ ಮಲಗಿದ್ದರು. ಅಂಥ ಸವಾರ, ಮೈತುಂಬಾ ಕಾಪು ತೊಟ್ಟೂ ಹಾಗಾಯ್ತು. ಹವಾಯಿ ಚಪ್ಪಲಿಯವನ ಗತಿ ಏನು?

ನಮ್ಮೂರ ಹುಡುಗರಿಗೆ ನನ್ನದೊಂದು ಸವಾಲು. ಸೈಲೆನ್ಸರ್ ಗೆ ಅಂತ ಎತ್ತಿಟ್ಟ ದುಡ್ಡಿನಲ್ಲಿ ಒಂದು ಒಳ್ಳೆ ಹೆಲ್ಮೆಟ್, ಒಂದು ಜೊತೆ ಬೂಟು ತಗೊಳ್ಳಿ. ಹತ್ತು ಜನ ಸೇರಿ. ಪಂಚಾಯ್ತಿಗೂ ತಹಶೀಲ್ದಾರ್ ಗೂ ಬಯಲು ಕೇಳಿ ಒಂದು ಅರ್ಜಿ ಕೊಡಿ. ಕೊಡಲ್ಲ ಅಂದ್ರೆ ಆಗ ಮಾಡಿ ಸದ್ದು. ಆ ಸದ್ದಿಗೆ ನಾನೂ ಬಂದು ಸೇರ್ಕೊಳ್ತೀನಿ.