ಇಬ್ಬರೂ ವೈದ್ಯರಾದರೆ ಮನೆಗೆ ಯಾರು?

ವೈದ್ಯ ವರನಿಗೆ ವೈದ್ಯ ವಧುವೇ ಬೇಕೆಂಬ ಅಪೇಕ್ಷೆ ನಮ್ಮ ಕುಟುಂಬಗಳಲ್ಲಿ ಹೊಸದೇನಲ್ಲ. ಮಂಗಳೂರು, ಮಣಿಪಾಲ, ಬೆಂಗಳೂರುಗಳ ವೈದ್ಯಕೀಯ ಕಾಲೇಜುಗಳಲ್ಲಿ ಒಟ್ಟಿಗೆ ಓದಿದವರು ಸತಿಪತಿಗಳಾಗುವುದೂ ಸಹಜವೇ. ಸಂಬಂಧ ಕೂಡಿಬಂದಾಗ ಹಿರಿಯರು ಹಿಗ್ಗುತ್ತಾರೆ; ರೋಸ್ ಊಟಕ್ಕೆ ಎಷ್ಟು ಮಂದಿ ಎಂಬುದನ್ನು ವಾರಗಟ್ಟಲೆ ಚರ್ಚಿಸುತ್ತಾರೆ. ಆದರೆ ಮಗು ಹುಟ್ಟಿದ ಮೇಲೆ ಇಬ್ಬರಲ್ಲಿ ಯಾರ ಓದು ಮೊದಲು ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ.

ಎಂ.ಬಿ.ಬಿ.ಎಸ್. ಹಾಗೂ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಸ್ನಾತಕೋತ್ತರ ಪದವಿಗೆ 3 ವರ್ಷ, ಅದರ ಮೇಲಿನ ವಿಶೇಷ ಪದವಿಗೆ ಇನ್ನೂ 3 ವರ್ಷ. ಹದಿನೆಂಟರಲ್ಲಿ ಸೇರಿದವರು ಎಲ್ಲಿಯೂ ಎಡವದೆ ನಡೆದರೂ ಮುಗಿಸುವಾಗ 30 ತುಂಬುತ್ತ ಬಂದಿರುತ್ತದೆ. ಮದುವೆ, ಬಸಿರು, ಬಾಣಂತನಗಳ ವರ್ಷಗಳೂ ಇವೇ ಆದುದರಿಂದ ತೊಟ್ಟಿಲು ಮತ್ತು ಪ್ರವೇಶ ಪರೀಕ್ಷೆ ಜೊತೆಜೊತೆಯಾಗಿಯೇ ಮನೆಗೆ ಬರುತ್ತವೆ.

ಆಗ ಏನು ಜರಗುತ್ತದೆಂಬುದನ್ನು ನಾವು ಬಲ್ಲೆವು. ಪತಿ ಶಸ್ತ್ರಚಿಕಿತ್ಸೆಯ ತರಬೇತಿಗೆ ಹೊರಡುತ್ತಾನೆ; ಅಷ್ಟೇ ಅಂಕ ಪಡೆದ ಪತ್ನಿ ರಾತ್ರಿ ಪಾಳಿ ಕಡಿಮೆಯಿರುವ ವಿಭಾಗವನ್ನು ಆರಿಸುತ್ತಾಳೆ, ಇಲ್ಲವೇ ಮಗು ಶಾಲೆಗೆ ಹೋಗುವ ತನಕವೆಂದು ಮನೆಯಲ್ಲಿಯೇ ಉಳಿಯುತ್ತಾಳೆ. “ಅವಳೇ ಇಷ್ಟಪಟ್ಟು ಬಿಟ್ಟಳು” ಎಂದು ಅತ್ತೆಮಾವ ನೆಂಟರಲ್ಲಿ ಹೇಳುತ್ತಾರೆ. ಇಷ್ಟಪಟ್ಟಳೋ, ಬೇರೆ ದಾರಿ ಕಾಣಲಿಲ್ಲವೋ, ಕೇಳಿದವರು ಯಾರು? ಬಲಿಪೂಜೆ ಮುಗಿಸಿ ಚರ್ಚಿನ ಅಂಗಳದಲ್ಲಿ “ನಿಮ್ಮ ಸೊಸೆ ರಾತ್ರಿಯೂ ಆಸ್ಪತ್ರೆಯಲ್ಲೇ?” ಎಂದು ವಿಚಾರಿಸುವ ನಾವು ಮಗನ ಕುರಿತು ಹಾಗೆ ಕೇಳಿದ್ದುಂಟೇ? ಇಟಲಿಯ ಮಕ್ಕಳ ವೈದ್ಯೆ ಜಿಯಾನ್ನಾ ಬೆರೆಟ್ಟಾ ಮೊಲ್ಲಾ 2004ರಲ್ಲಿ ಸಂತಪದವಿಗೇರಿದರು. ಅವರ ಪ್ರಾಣತ್ಯಾಗವನ್ನು ನಾವು ಕೊಂಡಾಡುತ್ತೇವೆ; 1955ರಲ್ಲಿ ಮದುವೆಯಾದ ಮೇಲೂ, ಮಕ್ಕಳಾದ ಮೇಲೂ ಅವರು ವೈದ್ಯವೃತ್ತಿಯನ್ನು ಬಿಡಲಿಲ್ಲವೆಂಬುದನ್ನು ಮಾತ್ರ ಮರೆಯುತ್ತೇವೆ.

ಕಾನೂನು ಒಂದಿಷ್ಟು ಮುಂದೆ ಬಂದಿತು. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. 50 ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದಿತು. ರಜೆ ಮುಗಿದ ಮೇಲಿನ ವರ್ಷಗಳ ಹೊಣೆ ಹೆಚ್ಚಾಗಿ ಅಜ್ಜಿಯಂದಿರ ಮೇಲೆ ಬೀಳುತ್ತದೆ. ಇಬ್ಬರು ವೈದ್ಯರಿರುವ ಮನೆಯಲ್ಲಿ ಆ ಅಜ್ಜಿಯ ಮಂಡಿನೋವನ್ನು ವಿಚಾರಿಸಲು ಯಾರಿಗೂ ಪುರುಸೊತ್ತಿಲ್ಲವೆಂಬುದು ವಿಪರ್ಯಾಸ.

ಮೊದಲ ಮೂರು ವರ್ಷ ಒಬ್ಬರು ಓದಲಿ, ಇನ್ನೊಬ್ಬರು ಹಗಲು ಹೊತ್ತಿನ ಕೆಲಸ ಹಿಡಿದು ಮನೆ ನೋಡಲಿ, ಆಮೇಲೆ ಸರದಿ ಬದಲಾಗಲಿ ಎಂಬುದು ನಮ್ಮ ಅಭಿಪ್ರಾಯ. ಇದನ್ನು ನಿಶ್ಚಿತಾರ್ಥಕ್ಕೆ ಮುನ್ನವೇ ಇಬ್ಬರೂ ಬಾಯ್ಬಿಟ್ಟು ಮಾತನಾಡಿಕೊಳ್ಳಬೇಕು. ಮೊದಲ ಸರದಿ ಪತ್ನಿಗೇ ಸಿಕ್ಕರೆ ತಪ್ಪೇನು? ಮೂರು ವರ್ಷ ತಡವಾದರೆ ಪತಿಯ ಕೈಚಳಕವೇನೂ ಮಾಯವಾಗದು. ದಂಪತಿಗಳಿಬ್ಬರಿಗೂ ಒಂದೇ ರಾತ್ರಿ ಪಾಳಿ ಹಾಕದಿರುವುದು ಆಸ್ಪತ್ರೆಗಳು ಖರ್ಚಿಲ್ಲದೆ ಮಾಡಬಹುದಾದ ಉಪಕಾರ. ವಿವಾಹಪೂರ್ವ ತಯಾರಿ ಶಿಬಿರಗಳಲ್ಲಿ ಈ ವಿಷಯಕ್ಕೂ ಒಂದು ತಾಸು ಮೀಸಲಿರಲಿ. ಆ ಹೊತ್ತಿಗೆ ವರನ ತಾಯಿಯನ್ನೂ ಕರೆಸಿದರೆ ಲೇಸು.