ಒಂಬತ್ತು ಊರು, ಹದಿನೈದು ದಿನ

ದಾವಣಗೆರೆಯ ತಾಯಿಯೊಬ್ಬರ ಪತ್ರ ಈ ವಾರ ನನ್ನ ಮೇಜಿನ ಮೇಲಿದೆ. ಅವರ ಮಗಳು ಜರ್ಮನಿಯ ಮ್ಯೂನಿಕ್‌ನಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಬರುವ ಜೂನ್‌ನಲ್ಲಿ ಗಂಡ-ಹೆಂಡತಿ ಇಬ್ಬರೂ ಹದಿನೈದು ದಿನದ ಮಟ್ಟಿಗೆ ಅಲ್ಲಿಗೆ ಹೋಗಿ, ಮಗಳನ್ನೂ ಕರೆದುಕೊಂಡು ಯೂರೋಪು ಸುತ್ತಿ ಬರಬೇಕೆಂದಿದ್ದಾರೆ. ‘ನಮ್ಮವರು’ ಬರೆದಿಟ್ಟ ಊರುಗಳ ಪಟ್ಟಿಯನ್ನೂ ಪತ್ರದ ಜೊತೆ ಇಟ್ಟಿದ್ದಾರೆ: ಲಂಡನ್, ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಜ್ಯೂರಿಕ್, ವೆನಿಸ್, ರೋಮ್, ವಿಯೆನ್ನಾ, ಪ್ರಾಗ್. ಮಗಳದ್ದು ಬೇರೆಯೇ ಹಟ. ‘ಅಪ್ಪಾ, ಕಿಟಕಿಯಿಂದ ನೋಡೋದಾದರೆ ಮನೆಯಲ್ಲಿ ಟಿ.ವಿ. ಇದೆಯಲ್ಲ! ಸೈಕಲ್ ತುಳಿದುಕೊಂಡು ಹೋಗೋಣ’ ಎನ್ನುತ್ತಾಳಂತೆ. ‘ಐವತ್ತೈದು ದಾಟಿದ ಮೇಲೆ ಇದು ಆಗುವ ಮಾತೇ? ನೀವೇ ಹೇಳಿ’ ಎಂದು ಆ ತಾಯಿ ಕೇಳಿದ್ದಾರೆ. ಪತ್ರದ ಕೊನೆಯಲ್ಲಿ ಇನ್ನೊಂದು ಸಾಲಿದೆ: ‘ಅವಳಿಗೆ ಅಲ್ಲೇ ಕೆಲಸ ಸಿಕ್ಕಿಬಿಟ್ಟರೆ ನಾವು ಮೂವರೂ ಹೀಗೆ ಒಟ್ಟಿಗೆ ಇರುವುದು ಮತ್ತೆ ಯಾವಾಗಲೋ.’

ಈ ಕೊನೆಯ ಸಾಲನ್ನು ಓದಿದ ಮೇಲೆ ತೀರ್ಪು ಕೊಡುವುದು ಕಷ್ಟವಾಗಲಿಲ್ಲ. ನನ್ನ ಮತ ಮಗಳಿಗೆ. ಕಾರಣವನ್ನು ಲೆಕ್ಕದಿಂದಲೇ ಶುರು ಮಾಡುತ್ತೇನೆ.

ಹದಿನೈದು ದಿನದಲ್ಲಿ ಹೋಗಿ ಬರುವ ವಿಮಾನಕ್ಕೆ ಎರಡು ದಿನ ಕಳೆಯಿರಿ. ಒಂಬತ್ತು ಊರೆಂದರೆ ಎಂಟು ಬಾರಿ ಊರು ಬದಲಿಸಬೇಕು. ಪ್ರತಿಸಲವೂ ಪೆಟ್ಟಿಗೆ ಕಟ್ಟಿ, ಕೋಣೆ ಬಿಟ್ಟು, ನಿಲ್ದಾಣ ಹುಡುಕಿ, ರೈಲು ಹತ್ತಿ, ಇಳಿದು, ಹೊಸ ಕೋಣೆಯ ಬೀಗದ ಕೈ ಪಡೆಯುವ ಹೊತ್ತಿಗೆ ಅರ್ಧ ದಿನ ಹೋಗಿರುತ್ತದೆ. ಅಲ್ಲಿಗೆ ಇನ್ನೂ ನಾಲ್ಕು ದಿನ ಖರ್ಚು. ಉಳಿದದ್ದು ಒಂಬತ್ತು, ಊರಿಗೊಂದು ದಿನ. ಅದರಲ್ಲೂ ಅರ್ಧ, ಟಿಕೆಟಿನ ಸಾಲಿನಲ್ಲಿ. ನಾನೂ ಒಮ್ಮೆ ಹೀಗೆಯೇ ಏಳು ಊರುಗಳ ಪಟ್ಟಿ ಹಿಡಿದು ಓಡಾಡಿದವನು. ಈಗ ಆಲ್ಬಂ ತೆಗೆದರೆ ಯಾವ ಚರ್ಚು ಯಾವ ಊರಿನದೆಂದು ಹೇಳಲಾರೆ.

ಇನ್ನು ಲಂಡನ್. ಬ್ರಿಟನ್ ಷೆಂಗೆನ್ ಒಕ್ಕೂಟಕ್ಕೆ ಸೇರಿಲ್ಲ. ಅದಕ್ಕೆ ಬೇರೆಯೇ ವೀಸಾ, ಬೇರೆಯೇ ಶುಲ್ಕ. ಮೊದಲು ಹೊಡೆದುಹಾಕಬೇಕಾದ ಹೆಸರು ಅದು.

ಹಾಗಾದರೆ ಏನು ಮಾಡಬೇಕು? ಊರುಗಳನ್ನು ಆರಿಸುವುದಕ್ಕೆ ಮೊದಲು ಒಂದು ದಾರಿಯನ್ನು ಆರಿಸಿಕೊಳ್ಳಿ. ದಾರಿಯ ಮೇಲೆ ಬಂದ ಊರುಗಳೇ ನಿಮ್ಮ ಊರುಗಳು. ಈ ಕುಟುಂಬಕ್ಕೆ ನಾನು ಹೇಳುವ ದಾರಿ ಡಾನ್ಯೂಬ್ ನದಿಯ ದಂಡೆ. ಅಟ್ಲಾಂಟಿಕ್ ತೀರದಿಂದ ಕಪ್ಪು ಸಮುದ್ರದವರೆಗೆ ಹೋಗುವ ‘ಯೂರೋವೆಲೊ 6’ ಎಂಬ ಉದ್ದನೆಯ ಸೈಕಲ್ ಮಾರ್ಗದ ಒಂದು ತುಂಡು ಇದು. ಜರ್ಮನಿಯ ಪಾಸಾವ್‌ನಿಂದ ಆಸ್ಟ್ರಿಯಾದ ವಿಯೆನ್ನಾದವರೆಗೆ 300 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಬಹುಪಾಲು ಡಾಂಬರು ಹಾಕಿದ, ಮೋಟಾರು ಗಾಡಿಗಳ ಕಾಟವಿಲ್ಲದ ಹಾದಿ. ನದಿ ಹರಿಯುವ ದಿಕ್ಕಿಗೇ ಹೋಗುವುದರಿಂದ ಏರು ಕಡಿಮೆ. ಗಾಳಿಯೂ ಸಾಮಾನ್ಯವಾಗಿ ಪಶ್ಚಿಮದಿಂದ, ಅಂದರೆ ಬೆನ್ನ ಹಿಂದಿನಿಂದ ಬೀಸುತ್ತದೆ. ಸೈಕಲ್ಲನ್ನು ಪಾಸಾವ್‌ನಲ್ಲಿ ಬಾಡಿಗೆಗೆ ಪಡೆದು ವಿಯೆನ್ನಾದಲ್ಲಿ ಒಪ್ಪಿಸುವ ಏರ್ಪಾಡಿದೆ. ಪೆಟ್ಟಿಗೆಗಳನ್ನು ಒಂದು ಹೋಟೆಲಿನಿಂದ ಮುಂದಿನ ಹೋಟೆಲಿಗೆ ವ್ಯಾನಿನಲ್ಲಿ ಸಾಗಿಸುವವರೂ ಇದ್ದಾರೆ.

ಆ ತಾಯಿಗೆ ಒಂದು ವಿಶೇಷ ಸೂಚನೆ. ನಿಮಗೆ ಬ್ಯಾಟರಿ ಸೈಕಲ್ ಸಿಗುತ್ತದೆ. ನೀವು ತುಳಿದಂತೆಲ್ಲ ಮೋಟಾರು ಕೈಗೂಡಿಸುತ್ತದೆ. ಗಂಟೆಗೆ 25 ಕಿ.ಮೀ. ಮುಟ್ಟಿದೊಡನೆ ತಾನಾಗಿ ಸುಮ್ಮನಾಗುತ್ತದೆ. ಇದಕ್ಕೆ ಸಂಕೋಚಪಡಬೇಕಾಗಿಲ್ಲ. ಬಿಳಿಗೂದಲಿನ ದಂಪತಿಗಳು ಆ ದಾರಿಯಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ.

ಈಗ ದಿನಗಳನ್ನು ಹಂಚೋಣ. ಮೊದಲ ಮೂರು ರಾತ್ರಿ ಮ್ಯೂನಿಕ್. ಮಗಳ ಕಾಲೇಜು, ಕೋಣೆ, ಗೆಳತಿಯರು. ನಾಲ್ಕನೆಯ ದಿನ ರೈಲಿನಲ್ಲಿ ಎರಡು ಗಂಟೆಯ ಚಿಲ್ಲರೆ ದಾರಿಯಲ್ಲಿ ಪಾಸಾವ್. ಇಲ್ಲಿ ಡಾನ್ಯೂಬ್, ಇನ್, ಇಲ್ಸ್ ಎಂಬ ಮೂರು ನದಿಗಳು ಕೂಡುತ್ತವೆ. ನಮ್ಮ ಕೂಡಲಿ, ತಿರುಮಕೂಡಲುಗಳನ್ನು ನೋಡಿದವರಿಗೆ ಊರಿನ ಅಂದ ತಾನಾಗಿ ತಿಳಿಯುತ್ತದೆ. ಐದನೆಯ ದಿನ ಸೈಕಲ್ ಏರಿ ಸುಮಾರು 40 ಕಿ.ಮೀ. ದೂರದ ಶ್ಲೋಗೆನ್. ಗಟ್ಟಿ ಬಂಡೆಯನ್ನು ಕೊರೆಯಲಾರದೆ ನದಿ ಪೂರ್ತಿ ಹಿಂದಕ್ಕೆ ತಿರುಗುವ ಜಾಗ ಅದು. ಆರನೆಯ ದಿನ ಲಿಂಟ್ಸ್ ನಗರ. ಅಲ್ಲಿ ಎರಡು ರಾತ್ರಿ.

ಏಳನೆಯ ದಿನ ಕಾಲಿಗೆ ವಿಶ್ರಾಂತಿ, ಮನಸ್ಸಿಗಲ್ಲ. ಲಿಂಟ್ಸ್‌ನಿಂದ ಸುಮಾರು 20 ಕಿ.ಮೀ. ದೂರದಲ್ಲಿ ಮೌಟ್‌ಹೌಸೆನ್ ಇದೆ. 1938ರಿಂದ 1945ರವರೆಗೆ ನಾಜಿಗಳು ನಡೆಸಿದ ಸೆರೆಶಿಬಿರವದು. ಅಲ್ಲಿಗೂ ಅದರ ಉಪಶಿಬಿರಗಳಿಗೂ ತಂದು ಹಾಕಿದ ಸುಮಾರು 1,90,000 ಜನರಲ್ಲಿ ಕನಿಷ್ಠ 90,000 ಮಂದಿ ಸತ್ತರು. ಕಲ್ಲುಗಣಿಯಿಂದ ಬಂಡೆ ಹೊರಿಸಿ ಹತ್ತಿಸುತ್ತಿದ್ದ 186 ಮೆಟ್ಟಿಲುಗಳು ಈಗಲೂ ಇವೆ. ರಜೆಯಲ್ಲಿ ಇಂಥ ಕಡೆ ಏಕೆ ಹೋಗಬೇಕೆಂದು ಕೇಳಬಹುದು. ಪ್ರೌಢಶಾಲೆಯ ಚರಿತ್ರೆ ಪುಸ್ತಕದಲ್ಲಿ ನಾಲ್ಕು ಅಂಕದ ಪ್ರಶ್ನೆಯಾಗಿ ಓದಿದ್ದನ್ನು ಮಗಳೂ ಅಪ್ಪನೂ ಒಟ್ಟಿಗೆ ನಿಂತು ನೋಡಿ, ಆ ಸಂಜೆ ಮಾತಾಡಲಿ ಎಂಬುದೇ ನನ್ನ ಉತ್ತರ.

ಎಂಟನೆಯ ದಿನ ಸುಮಾರು 60 ಕಿ.ಮೀ. ತುಳಿದರೆ ಗ್ರೈನ್. ಇದೇ ಅತಿ ಉದ್ದದ ದಿನ. ವಿಶ್ರಾಂತಿಯನ್ನು ಹಿಂದಿನ ದಿನ ಇಟ್ಟದ್ದು ಅದಕ್ಕೇ. ಒಂಬತ್ತನೆಯ ದಿನ ಮೆಲ್ಕ್. ಅಲ್ಲಿ ಬಂಡೆಯ ಮೇಲೆ 1089ರಿಂದ ಸನ್ಯಾಸಿಗಳ ಮಠವಿದೆ. ಈಗ ಕಾಣುವ ಭವ್ಯ ಕಟ್ಟಡ 1702ರಿಂದ 1736ರ ನಡುವೆ ಎದ್ದದ್ದು. ಹತ್ತನೆಯ ದಿನ ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ವಾಖಾವ್ ಕಣಿವೆ. ಬರೀ 36 ಕಿ.ಮೀ.; ಆದರೆ ಪ್ರವಾಸದ ತಿರುಳೇ ಇದು. ದ್ರಾಕ್ಷಿ ತೋಟ, ಏಪ್ರಿಕಾಟ್ ಮರಗಳ ಈ ಕಣಿವೆ 2000ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ದಾರಿಯ ಡ್ಯುರ್ನ್‌ಸ್ಟೈನ್ ಕೋಟೆಯಲ್ಲಿಯೇ ಇಂಗ್ಲೆಂಡಿನ ದೊರೆ ರಿಚರ್ಡ್ 1192ರಲ್ಲಿ ಸೆರೆಯಾಗಿದ್ದ. ಅದಕ್ಕೂ ಮೊದಲು ವಿಲೆನ್‌ಡಾರ್ಫ್ ಎಂಬ ಪುಟ್ಟ ಹಳ್ಳಿ ಬರುತ್ತದೆ. 1908ರಲ್ಲಿ ಅಲ್ಲಿ ಅಗೆಯುವಾಗ 11 ಸೆಂ.ಮೀ. ಎತ್ತರದ ಸುಣ್ಣಕಲ್ಲಿನ ಸ್ತ್ರೀಪ್ರತಿಮೆ ಸಿಕ್ಕಿತು. ಸುಮಾರು 30,000 ವರ್ಷ ಹಳೆಯದು. ಪ್ರತಿಮೆ ಈಗಿರುವುದು ವಿಯೆನ್ನಾದ ನಿಸರ್ಗ ಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿ. ಸಿಕ್ಕ ಜಾಗವನ್ನು ಇಂದು ನೋಡಿ, ಸಿಕ್ಕ ವಸ್ತುವನ್ನು ಎರಡು ದಿನದ ಮೇಲೆ ಕಾಣುವ ಸುಖ ಒಂಬತ್ತು ಊರಿನ ಪಟ್ಟಿಯಲ್ಲಿ ಇರಲಿಲ್ಲ.

ಹನ್ನೊಂದನೆಯ ದಿನ ಕ್ರೆಮ್ಸ್‌ನಿಂದ ಸೈಕಲ್ ಸಮೇತ ರೈಲು ಹತ್ತಿ; ಸೈಕಲ್ಲಿಗೂ ಟಿಕೆಟ್ ಪಡೆಯಬೇಕು. ವಿಯೆನ್ನಾದಲ್ಲಿ ನಾಲ್ಕು ರಾತ್ರಿ. ನಲ್ಲಿಯ ನೀರನ್ನೇ ಧಾರಾಳವಾಗಿ ಕುಡಿಯಿರಿ. 1873ರಿಂದ ಅದು ಬೆಟ್ಟದ ಒರತೆಗಳಿಂದ ಕೊಳವೆಯಲ್ಲಿ ಬರುತ್ತಿದೆ. ಒಂದು ದಿನ ಗಂಟೆಯ ರೈಲು ಪ್ರಯಾಣದಲ್ಲಿ ಸ್ಲೊವಾಕಿಯಾದ ರಾಜಧಾನಿ ಬ್ರಾಟಿಸ್ಲಾವಾಕ್ಕೆ ಹೋಗಿ ಬನ್ನಿ. 1989ರವರೆಗೆ ಈ ಗಡಿಯಲ್ಲಿ ಮುಳ್ಳುತಂತಿ, ಕಾವಲುಗೋಪುರ ಇದ್ದವು. ನಗರದ ಅಂಚಿನಲ್ಲಿ ಮೊರಾವಾ ನದಿಗೆ 2012ರಲ್ಲಿ ಸೇತುವೆಯೊಂದು ಬಂದಿದೆ. ನಡೆಯುವವರಿಗೆ, ಸೈಕಲ್ ತುಳಿಯುವವರಿಗೆ ಮಾತ್ರ. ಅಲ್ಲಿಂದ ಬುಡಾಪೆಸ್ಟೂ ದೂರವಿಲ್ಲ, ಆಸೆಯಾಗುತ್ತದೆ. ಬಿಟ್ಟುಬಿಡಿ. ಹದಿನೈದನೆಯ ದಿನ ವಿಯೆನ್ನಾದಿಂದಲೇ ವಿಮಾನ.

ಮೂರು ದೇಶ, ಐದು ನಗರ, ಸೈಕಲ್ ಮೇಲೆ ಸುಮಾರು 240 ಕಿ.ಮೀ. ಕಡಿಮೆಯೇನಲ್ಲ!

ಇನ್ನು ಕಾಗದಪತ್ರ. ವೀಸಾ ಅರ್ಜಿಯನ್ನು ಮೊದಲು ಇಳಿಯುವ ದೇಶಕ್ಕೇ ಹಾಕಬೇಕೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ, ಪ್ರವಾಸದ ಮುಖ್ಯ ದೇಶಕ್ಕೆ, ಎಂದರೆ ಹೆಚ್ಚು ದಿನ ಉಳಿಯುವ ದೇಶಕ್ಕೆ ಹಾಕಬೇಕು. ದಿನಗಳು ಸಮನಾದರೆ ಮಾತ್ರ ಮೊದಲು ಕಾಲಿಡುವ ದೇಶ. ನಮ್ಮ ಲೆಕ್ಕದಲ್ಲಿ ಜರ್ಮನಿಗೆ ನಾಲ್ಕು ರಾತ್ರಿ, ಆಸ್ಟ್ರಿಯಾಕ್ಕೆ ಹತ್ತು. ಆದ್ದರಿಂದ ಆಸ್ಟ್ರಿಯಾ. ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕಡೇಪಕ್ಷ ಹದಿನೈದು ದಿನ ಮುಂಚೆ ಹಾಕಲೇಬೇಕು. ಬೇಸಿಗೆಯಲ್ಲಿ ನೂಕುನುಗ್ಗಲಿರುವುದರಿಂದ ಮೊದಲೇ ಹಾಕುವುದು ಜಾಣತನ. ಶುಲ್ಕ 2024ರ ಜೂನ್‌ನಿಂದ ತಲಾ 90 ಯೂರೋ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ವೀಸಾ ಕೈಗೆ ಬರುವವರೆಗೆ, ರದ್ದು ಮಾಡಿದರೆ ಹಣ ವಾಪಸು ಬರುವಂಥ ಕೋಣೆಗಳನ್ನೇ ಕಾದಿರಿಸಿ. ಮಗಳಿಗೆ ಜರ್ಮನಿಯ ವಾಸದ ಪರವಾನಗಿ ಇರುವುದರಿಂದ ಈ ದೇಶಗಳಿಗೆ ಬೇರೆ ವೀಸಾ ಬೇಡ. ಪರವಾನಗಿಯನ್ನೂ ಪಾಸ್‌ಪೋರ್ಟನ್ನೂ ಜೊತೆಗಿಟ್ಟುಕೊಂಡರೆ ಸಾಕು.

ರೈಲ್ವೆ ಪಾಸು ಕೊಳ್ಳಬೇಕೇ? ಹೊರಗಿನವರಿಗೆ ಯೂರೇಲ್, ಅಲ್ಲೇ ವಾಸಿಸುವವರಿಗೆ ಇಂಟರ್‌ರೇಲ್ ಎಂಬ ಪಾಸುಗಳಿವೆ. ದಿನಾ ರೈಲು ಹತ್ತುವವರಿಗೆ ಅವು ಲಾಭ. ನಿಮಗೆ ಇರುವುದೇ ಮೂರು ನಾಲ್ಕು ಪ್ರಯಾಣ; ಬಿಡಿ ಟಿಕೆಟ್ ಸಾಕು.

ಪೆಟ್ಟಿಗೆ ತುಂಬುವ ಮೊದಲು ಒಂದು ಮಾತು. ಮಗಳಿಗೆಂದು ತುಪ್ಪ, ಪೇಡೆ ಕಟ್ಟಿಕೊಳ್ಳಬೇಡಿ. ಹೊರಗಿನಿಂದ ಹಾಲಿನ ಪದಾರ್ಥ ತರುವುದಕ್ಕೆ ಯೂರೋಪಿಯನ್ ಒಕ್ಕೂಟದಲ್ಲಿ ನಿಷೇಧವಿದೆ. ಹಸಿ ಕರಿಬೇವೂ ಬೇಡ. ಚಟ್ನಿಪುಡಿ, ಅವಲಕ್ಕಿಗೆ ತೊಂದರೆಯಿಲ್ಲ. ಭಾನುವಾರ ಅಲ್ಲಿ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಬ್ರೆಡ್ಡು, ಹಣ್ಣು ತೆಗೆದಿಟ್ಟುಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ರಸ್ತೆಯ ಬಲಬದಿಯಲ್ಲಿ ಹೋಗಬೇಕು. ಎಡಕ್ಕೆ ಹೋಗಿ ರೂಢಿಯಾದ ನಮಗೆ ಮೊದಲ ದಿನ, ತಿರುವಿನಲ್ಲಿ, ಅಪಾಯ ಕಾದಿರುತ್ತದೆ.

ಇನ್ನುಳಿದದ್ದು ಮೊಣಕಾಲು. ಈಗಿನಿಂದಲೇ ಬೆಳಿಗ್ಗೆ ಐದೈದು ಕಿ.ಮೀ. ಸೈಕಲ್ ತುಳಿಯಿರಿ, ತಿಂಗಳಾದ ಮೇಲೆ ಹತ್ತು, ಆಮೇಲೆ ಭಾನುವಾರಗಳಲ್ಲಿ ಇಪ್ಪತ್ತು, ಮೂವತ್ತು. ಮೊಣಕಾಲು, ಬೆನ್ನು ನೋವಿದ್ದರೆ ವೈದ್ಯರನ್ನು ಕೇಳಿಯೇ ಶುರು ಮಾಡಿ. ಆಗದಿದ್ದರೆ ನಾಚಿಕೆಯಿಲ್ಲ, ನದಿಯ ಪಕ್ಕದಲ್ಲಿ ರೈಲೂ ಇದೆ, ದೋಣಿಯೂ ಇದೆ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಸುಮಾರಿಗೆ. ಅವಸರವೇ ಬೇಡ.

ಯಜಮಾನರು ಕಾಲೇಜಿನ ದಿನಗಳಲ್ಲಿ ಹಳ್ಳಿಯಿಂದ ದಿನಾ ಹನ್ನೆರಡು ಕಿ.ಮೀ. ಸೈಕಲ್ ತುಳಿದು ಬರುತ್ತಿದ್ದರೆಂದು ಪತ್ರದ ನಡುವೆ ನೀವೇ ಬರೆದಿದ್ದೀರಿ. ಆ ಸಂಗತಿ ಮಗಳಿಗೆ ಗೊತ್ತಿದೆಯೋ ಇಲ್ಲವೋ. ಡಾನ್ಯೂಬ್ ದಂಡೆಯ ಮೇಲೆ ಎಲ್ಲಾದರೂ ಒಂದು ಮರದ ಕೆಳಗೆ ಅವಲಕ್ಕಿ ಬಿಚ್ಚಿದಾಗ ಅವರೇ ಹೇಳಲಿ. ಒಂಬತ್ತು ಊರಿನ ಪಟ್ಟಿಯನ್ನು ಮಾತ್ರ ಹರಿದುಹಾಕಬೇಡಿ. ಮುಂದಿನ ಸಲಕ್ಕೆ ಇರಲಿ. ಹೋಗಿ ಬಂದ ಮೇಲೆ ಒಂದು ಕಾಗದ ಬರೆಯಿರಿ.