ಗಾಳಿಯಲ್ಲಿ ಬರುವ ವೇಗದ ಲೆಕ್ಕ



ಬಳ್ಳಾರಿಯ ಕೌಲ್ ಬಜಾರಿನಂತಹ ಕಡೆ ಮನೆಗೆ ಮನೆ ತಾಗಿಕೊಂಡಿರುತ್ತದೆ. ಈಗ ಮನೆಗೊಂದು ವೈಫೈ ಪೆಟ್ಟಿಗೆಯೂ ಮಿನುಗುತ್ತಿರುತ್ತದೆ. ಆದರೂ ಮಗಳ ಪರೀಕ್ಷೆಯ ಅರ್ಜಿಗೆ ಕೊನೆಯ ದಿನವೆಂಬ ಹೊತ್ತಿನಲ್ಲಿ ಪುಟ ತೆರೆಯದೆ ಚಕ್ರವೊಂದೇ ತಿರುಗುತ್ತಿರುತ್ತದೆ. ಆಗ ಹಿರಿಯರಿಗೆ ತೋಚುವುದು, ಇನ್ನಷ್ಟು ಹಣ ತೆತ್ತು ದೊಡ್ಡ ಪ್ಲಾನ್ ಕೊಳ್ಳುವ ಉಪಾಯ. ಹಣ ಕೊಡುವ ಮೊದಲು ಅಳೆದು ನೋಡಿರೆಂಬುದು ನಮ್ಮ ವಿನಂತಿ.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಹಣ ಕೊಡದೆ ದೊರೆಯುತ್ತದೆ, ಹಳೆಯ ಕಂಪ್ಯೂಟರಿಗೂ ಹೊಂದುತ್ತದೆ. ಅದರ ಟರ್ಮಿನಲ್ಲಿನಲ್ಲಿ ‘ಐಡಬ್ಲ್ಯೂ ಡೆವ್’ ಎಂಬ ಆಜ್ಞೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ವೈಫೈ ಸಾಧನದ ಹೆಸರು ಕಾಣುತ್ತದೆ. ಅದೇ ಆಜ್ಞೆಯ ಮುಂದೆ ಆ ಹೆಸರನ್ನೂ ‘ಲಿಂಕ್’ ಎಂಬ ಪದವನ್ನೂ ಸೇರಿಸಿದರೆ ಸಿಗ್ನಲ್ ಮತ್ತು ಬಿಟ್‌ರೇಟ್ ಎಂಬ ಅಂಕಿಗಳು ಮೂಡುತ್ತವೆ. ಸಿಗ್ನಲ್ ಋಣಸಂಖ್ಯೆಯಲ್ಲಿರುತ್ತದೆ, -50 ಇದ್ದರೆ ಉತ್ತಮ, -80 ಇದ್ದರೆ ದುರ್ಬಲ.

ಜನ ಎಡವುವುದು ಬಿಟ್‌ರೇಟಿನಲ್ಲಿ. ಅಲ್ಲಿ 144 ಎಂದು ಕಂಡೊಡನೆ ಇಂಟರ್‌ನೆಟ್ಟಿನ ವೇಗವೇ ಅಷ್ಟೆಂದು ಭಾವಿಸುತ್ತಾರೆ. ಅದು ಪೆಟ್ಟಿಗೆಗೂ ಕಂಪ್ಯೂಟರಿಗೂ ನಡುವಣ ಮಾತು ಮಾತ್ರ. ಅದರಲ್ಲಿಯೂ ಬಳಕೆಗೆ ಸಿಗುವುದು ಸುಮಾರು ಅರ್ಧ. ಮನೆಯ ತೊಟ್ಟಿಯಿಂದ ನಲ್ಲಿಗೆ ಬರುವ ಕೊಳವೆಯ ಅಗಲವನ್ನು ಅದು ಹೇಳೀತೇ ಹೊರತು, ತೊಟ್ಟಿಗೆ ಎಷ್ಟು ನೀರು ಬರುತ್ತಿದೆಯೆಂಬುದನ್ನಲ್ಲ.

ಆ ನೀರನ್ನು ಅಳೆಯಲು ‘ಡಬ್ಲ್ಯೂಗೆಟ್’ ಆಜ್ಞೆಯಿಂದ ದೊಡ್ಡ ಫೈಲೊಂದನ್ನು ಇಳಿಸಿಕೊಳ್ಳಬೇಕು. ಆಗ ಮನೆಯ ಉಳಿದವರು ಮೊಬೈಲ್ ಬದಿಗಿಡಬೇಕು (ಇದೇ ಕಠಿಣ ಭಾಗವೆಂದು ತಾಯಂದಿರು ಬಲ್ಲರು). ಅದು ತೋರುವ ವೇಗ ಮೆಗಾಬೈಟ್‌ಗಳಲ್ಲಿ. ಕಂಪನಿಯವರು ಹೇಳುವುದು ಮೆಗಾಬಿಟ್‌ಗಳಲ್ಲಿ. 8 ಬಿಟ್‌ಗಳಿಗೆ 1 ಬೈಟ್. 100ರ ಪ್ಲಾನಿನಲ್ಲಿ ಸೆಕೆಂಡಿಗೆ 12ರ ಆಸುಪಾಸು ಬಂದರೆ ಮೋಸವೇನೂ ಆಗಿಲ್ಲ.

ಬಳಿಕ ವೈಫೈ ಆರಿಸಿ, ಪೆಟ್ಟಿಗೆಯಿಂದ ಕಂಪ್ಯೂಟರಿಗೆ ನೇರವಾಗಿ ಕೇಬಲ್ ಜೋಡಿಸಿ ಮತ್ತೊಮ್ಮೆ ಅಳೆಯಿರಿ. ಕೇಬಲ್ಲಿನಲ್ಲಿ ವೇಗ ಸರಿಯಿದ್ದು ಗಾಳಿಯಲ್ಲಿ ಕುಂದಿದರೆ ದೋಷ ಮನೆಯೊಳಗೇ ಇದೆ. ದೊಡ್ಡ ಪ್ಲಾನ್ ಕೊಂಡರೂ ಅದು ಹೋಗದು. ಕಬ್ಬಿಣದ ಬೀರುವಿನ ಹಿಂದೆ ಅಡಗಿಸಿಟ್ಟ ಪೆಟ್ಟಿಗೆಯನ್ನು ಎತ್ತರದ ತೆರೆದ ಜಾಗಕ್ಕೆ ತನ್ನಿ. 2.4 ಗಿಗಾಹರ್ಟ್ಸ್ ಅಲೆಗಳು ಕಲ್ಲುಗೋಡೆಯನ್ನು ಒಂದಿಷ್ಟು ದಾಟುತ್ತವೆ, ಆದರೆ ಅಲ್ಲಿ ಒಂದಕ್ಕೊಂದು ತಾಗದ ದಾರಿಗಳು 1, 6, 11 ಎಂಬ ಮೂರೇ. ನೆರೆಹೊರೆಯ ಪೆಟ್ಟಿಗೆಗಳೆಲ್ಲ ಅಲ್ಲೇ ನೂಕಾಡುತ್ತವೆ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ವಿಶಾಲ, ಆದರೆ ಗೋಡೆಯ ಮುಂದೆ ಅದು ಸೋಲುತ್ತದೆ. ಒಂದೇ ಕೋಣೆಯಲ್ಲಿ ಓದುವ ಮಕ್ಕಳಿಗೆ ಅದೇ ಲೇಸು.

ಕೇಬಲ್ಲಿನಲ್ಲಿಯೂ ವೇಗ ಬರದಿದ್ದರೆ ಮಾತು ಬೇರೆ. ಕೌಲು ಎಂದರೆ ಕರಾರು, ಕೊಟ್ಟ ಮಾತು. ಹಣ ಪಡೆದವರು ಅದನ್ನು ನಡೆಸಲೇಬೇಕು. ಬೆಳಿಗ್ಗೆ ಒಮ್ಮೆ, ರಾತ್ರಿ 9ರ ಸುಮಾರಿಗೆ ಒಮ್ಮೆ, ಮೂರು ದಿನ ಅಳೆದು, ದಿನಾಂಕ ಮತ್ತು ವೇಳೆಯೊಡನೆ ಬರೆದಿಟ್ಟು, ಆ ಚೀಟಿಯೊಂದಿಗೇ ದೂರು ಕೊಡಿರಿ.